ಹಳ್ಳದ ಮೂಲೆಯ ಕಳ್ಳಿ

ನಮ್ಮ ಹೊಲದಲ್ಲಿ ಹಳ್ಳದ ಕಡೆಗಿರುವ ಮೂಲೆಯಲ್ಲಿ ಮುಳ್ಳಿನ ಪಾಪಾಸುಕಳ್ಳಿಯ ಒಂದು ಮೆಳೆ ಇತ್ತು. ಅದರ ಬುಡದಲ್ಲಿ ನನ್ನ ಅಣ್ಣನನ್ನು ಮಣ್ಣು ಮಾಡಿದ್ದಾರೆ ಎಂದು ನನಗೆ ಗೊತ್ತಾದದ್ದು ಐದನೇ ಕ್ಲಾಸಿನಲ್ಲಿದ್ದಾಗ. ಕೆಂಪಗೆ ಹಣ್ಣಾಗಿದ್ದ ಕಳ್ಳಿಹಣ್ಣು ಕೀಳಲು ಹೋಗಿದ್ದೆ. ಅಪ್ಪ ಓಡಿಬಂದು ಕೈಹಿಡಿದು ಈಚೆಗೆ ಕರೆತಂದ. ಬೈಯಲಿಲ್ಲ. ಬದುವಿನ ಮೇಲೆ ಕೂರಿಸಿಕೊಂಡು, ಆ ಹಣ್ಣು ನಾವು ತಿನ್ನುವುದಿಲ್ಲ, ಯಾಕೆಂದರೆ ಹೀಗೆ, ಎಂದು ಹೇಳಿದ.

ನನಗಿಂತ ಮೂರು ವರ್ಷ ಮೊದಲು ಹುಟ್ಟಿದ ಗಂಡುಕೂಸು. ಹೆಸರಿಡುವ ಮೊದಲೇ ತೀರಿಹೋಯಿತು. ನಮ್ಮಲ್ಲಿ ದೊಡ್ಡವರು ಸತ್ತರೆ ಹೊಲದಲ್ಲೇ ಸಮಾಧಿ ಮಾಡಿ ಕಲ್ಲು ಕಟ್ಟುತ್ತಾರೆ, ವರ್ಷಕ್ಕೊಮ್ಮೆ ಎಡೆ ಇಡುತ್ತಾರೆ. ಹಸುಗೂಸಿಗೆ ಅದಾವುದೂ ಇಲ್ಲ. ಹೂತ ಜಾಗವನ್ನು ನರಿ, ನಾಯಿ ಕೆದಕದ ಹಾಗೆ ಮೇಲೆ ಜಾಲಿಮುಳ್ಳು ಹೇರಿ ಬರುತ್ತಾರೆ, ಅಷ್ಟೆ. ಒಂದೆರಡು ಮಳೆಗಾಲಕ್ಕೆ ಮುಳ್ಳು ಕೊಳೆತು, ಜಾಗ ಹೊಲದೊಳಗೆ ಸೇರಿಹೋಗುತ್ತದೆ. ಆ ಸಂಜೆ ಅಪ್ಪನಿಗೆ ಹತ್ತಿರದಲ್ಲಿ ಜಾಲಿ ಸಿಗಲಿಲ್ಲ. ಕತ್ತಲಾಗುತ್ತಿತ್ತು. ಬೇಲಿಯಲ್ಲಿದ್ದ ಕಳ್ಳಿಯಿಂದಲೇ ಒಂದು ಹೊರೆ ಎಲೆ ಕಡಿದು ಮೇಲೆ ಹರಡಿ ಬಂದ. ಕಳ್ಳಿ ಹಾಗೆ ಕೊಳೆತು ಹೋಗುವ ಜಾತಿಯಲ್ಲ. ಅದರ ಎಲೆ ಮಣ್ಣಿಗೆ ಸೋಕಿದ ಕಡೆ ಬೇರು ಬಿಡುತ್ತದೆ. ಆ ವರ್ಷ ಮುಂಗಾರು ಚೆನ್ನಾಗಿ ಹಿಡಿಯಿತಂತೆ. ಹರಡಿದ ಎಲೆಗಳು ಎದ್ದು ನಿಂತವು.

ಅಮ್ಮ ಆಗ ಬಾಣಂತಿ. ಅವಳನ್ನು ಮಣ್ಣಿಗೆ ಕರೆದುಕೊಂಡು ಹೋಗಿರಲಿಲ್ಲ. ತಿಂಗಳುಗಳಾದ ಮೇಲೆ ಹೊಲಕ್ಕೆ ಬಂದವಳು "ಎಲ್ಲಿ?" ಎಂದಷ್ಟೇ ಕೇಳಿದಳಂತೆ. ಅಪ್ಪ ಕಳ್ಳಿಯ ಕಡೆ ಕೈ ಮಾಡಿದನಂತೆ. ಆಮೇಲೆ ಇಬ್ಬರೂ ಆ ಮಾತೆತ್ತಲಿಲ್ಲ. ಬೇಲಿಯ ಕಳ್ಳಿಯನ್ನೆಲ್ಲ ಕಿತ್ತು ಕಲ್ಲುಕಂಬ ನೆಟ್ಟು ತಂತಿ ಎಳೆದಾಗಲೂ ಮೂಲೆಯ ಮೆಳೆ ಹಾಗೇ ಉಳಿಯಿತು. ಅಮ್ಮನಿಗೆ ಆ ಜಾಗದ ಗುರುತು ಅಂತ ಇದ್ದದ್ದು ಅದೊಂದೇ.

ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಮುಂದೆ ನಡೆದದ್ದಕ್ಕೆಲ್ಲ ಆ ಮೆಳೆಯೇ ನಡುವಿನಲ್ಲಿ ನಿಂತಿದೆ.

ನಮ್ಮೂರು ನಿಡುಗಲ್ ಬೆಟ್ಟ ಕಾಣುವಷ್ಟು ದೂರದಲ್ಲಿದೆ. ಶೇಂಗಾ, ರಾಗಿ, ತೊಗರಿ ಮಳೆಯನ್ನು ನಂಬಿ ಬೆಳೆಯುವ ಹೊಲಗಳು. ಬೋರು ಇದೆ, ಮಣಿಕಟ್ಟಿನಷ್ಟು ದಪ್ಪ ನೀರು ಬರುತ್ತದೆ, ಅದೂ ಕರೆಂಟು ಇರುವಷ್ಟು ಹೊತ್ತು. ಡಿಗ್ರಿ ಮುಗಿಸಿದ ಮೇಲೆ ಅಮ್ಮನ ಜೊತೆ ಹಸು ನೋಡಿಕೊಳ್ಳುವ ಕೆಲಸಕ್ಕೆ ನಾನೇ ನಿಂತೆ. ಹಸುಗಳು ಅಮ್ಮನವು. ಅವಳು ತವರಿನಿಂದ ತಂದ ಒಂದು ಕರುವಿನ ಸಂತಾನ. ಯಾವ ಹಸು ಯಾವತ್ತು ಗಬ್ಬವಾಯಿತು, ಎಷ್ಟು ಹಾಲು ಕೊಟ್ಟಿತು, ಕರೆಂಟು ಎಷ್ಟು ಹೊತ್ತಿಗೆ ಬಂತು ಎಂದು ದಿನಾ ಬರೆದಿಡುವುದು ನನ್ನ ಅಭ್ಯಾಸ. ಹಾಗೆ ಬರೆದಿಟ್ಟದ್ದನ್ನು ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತಿತ್ತು: ಶಿವರಾತ್ರಿ ಕಳೆದ ಮೇಲೆ ಹಸಿರು ಮೇವು ಮುಗಿಯುತ್ತದೆ, ಹಾಲು ಅರ್ಧಕ್ಕಿಳಿಯುತ್ತದೆ, ಮೂರು ಬೇಸಿಗೆಗೊಮ್ಮೆ ಒಂದು ಹಸು ಮಾರಾಟಕ್ಕೆ ಸಂತೆಗೆ ಹೋಗುತ್ತದೆ. ಹಸು ಹೋದ ದಿನ ಅಮ್ಮ ಊಟಕ್ಕೆ ಕೂರುತ್ತಿರಲಿಲ್ಲ.

ಮಧುಗಿರಿಯಲ್ಲಿ ನಡೆದ ಮೇವಿನ ತರಬೇತಿಯೊಂದಕ್ಕೆ ಹೋಗಿದ್ದೆ. ಮುಳ್ಳಿಲ್ಲದ ಪಾಪಾಸುಕಳ್ಳಿಯನ್ನು ಹನಿ ನೀರಿನಲ್ಲಿ ಬೆಳೆದು ಬೇಸಿಗೆಯಲ್ಲಿ ಹಸುವಿಗೆ ಹಾಕಬಹುದು ಎಂದು ಅಲ್ಲಿ ಹೇಳಿದರು. ನೇಪಿಯರ್ ಹುಲ್ಲಿಗೆ ಬೇಕಾಗುವ ನೀರಿನಲ್ಲಿ ಸಣ್ಣದೊಂದು ಪಾಲು ಸಾಕು. ಪಕ್ಕದಲ್ಲಿ ಕೂತಿದ್ದವರು ಹುಲಿಕುಂಟೆ ಕಡೆಯಿಂದ ಬಂದಿದ್ದ ಕುರಿ ಸಾಕುವ ಹಿರಿಯರು. ಅಪ್ಪನಿಗೆ ಸಂತೆಯಲ್ಲಿ ಪರಿಚಯವಿದ್ದವರು, ನಾನು ಅವರನ್ನು ಚಾಚಾ ಎಂದೇ ಕರೆಯುತ್ತಿದ್ದೆ. "ನಮ್ ಹೊಲ್ದಾಗೆ ಐತೆ ಬೇಟಿ, ಬಂದ್ ತಗಂಡೋಗು" ಎಂದರು. ಅಪ್ಪ ಗೂಡ್ಸ್ ಆಟೋ ಮಾಡಿಕೊಂಡು ಹೋಗಿ ಕಳ್ಳಿಯ ಎಲೆ ತುಂಬಿಕೊಂಡು ಬಂದ. ಚಾಚಾ ಅದರ ಹಿಂದೆಯೇ ಫೋನು ಮಾಡಿದರು.

"ಇವತ್ತೇ ನೆಟ್‌ಬಿಡ್ತೀಯಾ ಏನ್ ಮತ್ತೆ? ನೆಳ್ಳಾಗೆ ಹದ್ನೈದ್ ದಿನ ಮಲಗ್ಸು. ಕಡ್ದಿರೋ ಗಾಯ ಒಣಗ್ಬೇಕು. ಹಸಿಗಾಯ ಮಣ್ಣಿಗಿಟ್ರೆ ಕೊಳ್ತೋಗ್ತದೆ."

ಎಲೆಗಳನ್ನು ಕೊಟ್ಟಿಗೆಯ ನೆರಳಿನಲ್ಲಿ ಹರಡಿದೆವು. ಅಮ್ಮ ದೂರ ನಿಂತು ನೋಡಿದಳು. ಎರಡನೇ ದಿನ ಹತ್ತಿರ ಬಂದು ಒಂದು ಎಲೆ ಎತ್ತಿಕೊಂಡು ಅಂಗೈಯಲ್ಲಿ ಸವರಿದಳು.

"ಮುಳ್ಳೇ ಇಲ್ವಲ್ಲೇ ಇದ್ಕೆ."

"ಇಲ್ಲ ಕಣಮ್ಮ. ಅದುಕ್ಕೇ ಹಸ ತಿಂತವೆ."

ಅವಳು ಎಲೆಯನ್ನು ಇದ್ದಲ್ಲೇ ಇಟ್ಟು ಹೋದಳು.

ನೀರು ಸುಲಭವಾಗಿ ಹರಿಯುವುದು ಹಳ್ಳದ ಕಡೆಗಿನ ಇಳಿಜಾರಿಗೆ. ಜೂನ್ ಮೊದಲ ವಾರ ಅಲ್ಲೇ ನಾಲ್ಕು ಸಾಲು ನೆಟ್ಟೆವು. ಕಡೆಯ ಸಾಲಿಗೂ ಮೂಲೆಯ ಮೆಳೆಗೂ ನಡುವೆ ಒಂದು ಎತ್ತಿನಗಾಡಿ ತಿರುಗುವಷ್ಟು ಜಾಗ ಇತ್ತು. ನಾವು ಡ್ರಿಪ್ ಪೈಪು ಎಳೆಯುವಾಗ ಪಕ್ಕದ ಹೊಲದ ಅಜ್ಜಿ ಬದುವಿನ ಮೇಲೆ ಬಂದು ನಿಂತಿತು.

"ಏನಮ್ಮಿ, ಜನ ಕಳ್ಳಿ ಕಿತ್ತು ಬೆಳೆ ಇಕ್ತಾರೆ. ನೀನು ಬೆಳೆ ಬುಟ್ಟು ಕಳ್ಳಿ ಇಕ್ತಾ ಇದ್ದೀಯ. ಅದುಕ್ಕೆ ಪೈಪ್ ಬೇರೆ ಎಳ್ದವ್ಳೆ ನೋಡು! ಓದಿದ್ದು ಜಾಸ್ತಿ ಆಯ್ತು ಕಣ್ಬುಡು ನಿಂಗೆ."

"ಹಸೀಗೆ ಅಜ್ಜಿ, ಮೇವಿಗೆ."

"ಹಸೀಗೆ ಇಕ್ಕು, ಆಮೇಕೆ ನಿನ್ ಗಂಡುಂಗೂ ಸಾರ್ ಮಾಡಿಕ್ಕು."

"ಗಂಡ ಇನ್ನೂ ಸಿಕ್ಕಿಲ್ವಲ್ಲ ಅಜ್ಜಿ."

"ಕಳ್ಳಿ ಬೆಳ್ಯೋಳ್ಗೆ ಯಾವೋನ್ ಬತ್ತಾನೆ ಬುಡು!"

ಅಪ್ಪ ನಕ್ಕ. ಅಮ್ಮನೂ ತಲೆಬಗ್ಗಿಸಿಕೊಂಡು ನಕ್ಕಳು. ಆ ಮೂಲೆಯ ಹತ್ತಿರ ಅಮ್ಮ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕಳ್ಳಿ ಹಿಡಿಯಿತು. ವಾರಕ್ಕೊಮ್ಮೆ ಸ್ವಲ್ಪ ಹೊತ್ತು ಹನಿ ಬಿಟ್ಟರೆ ಸಾಕಾಗುತ್ತಿತ್ತು. ಒಂದೊಂದು ಎಲೆಯ ನೆತ್ತಿಯಲ್ಲಿ ಎರಡು, ಮೂರು ಹೊಸ ಎಲೆ ಒಡೆದವು. ಮಾರನೇ ಬೇಸಿಗೆಗೆ ಕೊಯ್ಲಿಗೆ ಬಂತು. ಬುಡದ ಎಲೆ, ಅದರ ಮೇಲಿನ ಒಂದು ಸುತ್ತು ಬಿಟ್ಟು ಮಿಕ್ಕದ್ದನ್ನು ಕೊಯ್ದು, ಸೌತೆಕಾಯಿ ಹೋಳಿನ ಹಾಗೆ ಹೆಚ್ಚಿ, ರಾಗಿಹುಲ್ಲು ಮತ್ತು ಶೇಂಗಾ ಹೊಟ್ಟಿನ ಜೊತೆ ಬೆರೆಸಿ ಹಾಕಿದೆವು. ಕೆಂದಹಸು ಮೂಸಿ ನೋಡಿ ಮುಖ ತಿರುಗಿಸಿತು. ಅಮ್ಮ ಒಂದು ಹೋಳಿಗೆ ಉಪ್ಪು ಸವರಿ ಅದರ ಬಾಯಿಗಿಟ್ಟಳು. ಆಮೇಲೆ ಅದಕ್ಕೆ ಉಪ್ಪೂ ಬೇಕಾಗಲಿಲ್ಲ. ಆ ಬೇಸಿಗೆಯಲ್ಲಿ ಯಾವ ಹಸುವೂ ಸಂತೆಗೆ ಹೋಗಲಿಲ್ಲ. ಏಪ್ರಿಲ್ ತಿಂಗಳ ಹಾಲನ್ನು ಬರೆಯುವಾಗ, ನಾನೇ ತಪ್ಪು ಬರೆಯುತ್ತಿದ್ದೇನೇನೋ ಎಂದು ಎರಡೆರಡು ಸಲ ನೋಡುತ್ತಿದ್ದೆ. ಮಳೆಗಾಲದಲ್ಲಿ ಕೆಂದಹಸು ಮತ್ತೆ ಗಬ್ಬವಾಯಿತು. ಅಮ್ಮ ಬೆಳಿಗ್ಗೆ ಕೊಯ್ಲಿಗೆ ತಾನೇ ಹೋಗುತ್ತಿದ್ದಳು. ಮೊದಲ ಸಾಲಿನಿಂದ ಶುರುಮಾಡಿ ಕಡೆಯ ಸಾಲಿನವರೆಗೂ ಬಂದು, ಅಲ್ಲಿ ಬುಟ್ಟಿ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಸ್ವಲ್ಪ ಹೊತ್ತು ನಿಂತು ಬರುತ್ತಿದ್ದಳು.

ಎರಡನೇ ಬೇಸಿಗೆ ಶುರುವಾಗುವ ಹೊತ್ತಿಗೆ, ಫೆಬ್ರವರಿ ತಿಂಗಳಲ್ಲಿ, ಮೂಲೆಯ ಮೆಳೆಯ ಮೇಲೆ ಬಿಳಿ ಚುಕ್ಕೆಗಳು ಕಂಡವು. ಹತ್ತಿ ಅಂಟಿದ ಹಾಗೆ. ಶಿವರಾತ್ರಿ ಹೊತ್ತಿಗೆ ಕೆಲವು ಎಲೆ ಪೂರ್ತಿ ಬೆಳ್ಳಗಾಗಿದ್ದವು. ಆ ವಾರ ಚಾಚಾ ಅಪ್ಪನ ಹತ್ತಿರ ಹುಣಸೆಹಣ್ಣು ಕೇಳಲು ಬಂದಿದ್ದರು. ಕಳ್ಳಿ ಹೇಗಿದೆ ನೋಡೋಣ ಎಂದು ಹೊಲಕ್ಕೆ ಬಂದವರು ಮೆಳೆಯನ್ನು ಕಂಡು ಅಲ್ಲೇ ನಿಂತರು.

"ಯಾ ಅಲ್ಲಾ. ಇದ್ಯಾಕೆ ಇನ್ನೂ ಇಟ್ಕೊಂಡಿದ್ದೀರಿ?"

ಮುಂದೆ ಹೋಗಿ, ಮುಳ್ಳು ತಪ್ಪಿಸಿ, ಆ ಬಿಳಿಯ ಮೇಲೆ ಹೆಬ್ಬೆರಳಿಟ್ಟು ಉಜ್ಜಿದರು. ಬೆರಳು ಕಡುಗೆಂಪಾಯಿತು. ಹರಿದ ಗಾಯದಿಂದ ಬರುವಂಥ ಕೆಂಪು.

ಅಮ್ಮ ನನ್ನ ಪಕ್ಕದಲ್ಲೇ ಇದ್ದಳು. "ರಕ್ತವಾ?" ಎಂದಳು. ಅವಳ ದನಿ ತೀರ ಸಣ್ಣದಾಗಿತ್ತು.

"ಅಲ್ಲ ಅಕ್ಕಾ, ಹುಳ. ಒಳಗೆ ಹುಳ ಐತೆ, ಅದ್ರ ಬಣ್ಣ. ಹಿಂದೆ ಬಟ್ಟೆಗೆಲ್ಲ ಇದೇ ಬಣ್ಣ ಹಾಕ್ತಿದ್ರಂತೆ." ಬೆರಳನ್ನು ಕಲ್ಲಿಗೆ ಒರೆಸಿದರು. "ನಂದು ಅರ್ಧ ತೋಟ ಇದ್ರಿಂದ್ಲೇ ಹೋಯ್ತು. ಹಳೇ ಬೇಲಿ ಕಳ್ಳಿ ಇತ್ತು, ಸುಮ್ನಿದ್ದೆ. ಗಾಳೀಗೆ ಬಂದ್ಬಿಡ್ತು. ಮುಳ್ಳಿಲ್ಲದ್ದು ಮೆತ್ತಗಿರ್ತದಲ್ಲ, ಹೀರಿ ಹಾಕ್ತದೆ. ಇವತ್ತೇ ಕಡ್ದು ಹಾಕ್ಸಿ ಯಜಮಾನ್ರೆ, ನಾಳೆ ಅನ್ಬೇಡಿ."

ಅಮ್ಮ ಕುಡುಗೋಲು ಬುಟ್ಟಿಯೊಳಗಿಟ್ಟು, ಹಸು ಕಟ್ಟಬೇಕು ಎಂದು ಹೇಳಿ ಮನೆಯ ಕಡೆ ನಡೆದಳು. ಅವಳು ದೂರವಾದ ಮೇಲೆ ಅಪ್ಪ ಚಾಚಾಗೆ ನಾಲ್ಕೇ ಮಾತಿನಲ್ಲಿ ಹೇಳಿದ. ಚಾಚಾ ತಲೆಯ ಮೇಲಿನ ಟೋಪಿ ತೆಗೆದು, ಮತ್ತೆ ಹಾಕಿಕೊಂಡರು.

"ಮಾಫ್ ಮಾಡಿ. ನಂಗೊತ್ತಿರ್ಲಿಲ್ಲ. ಅವ್ರ ಮುಂದೆ ಹಂಗಂದೆ."

"ನಿಮ್ಗೆಂಗೊತ್ತಾತದೆ ಬುಡಿ."

ಅವರು ಮೆಳೆಯ ಸುತ್ತ ಒಂದು ಸುತ್ತು ಬಂದರು. "ತೊಳ್ದು ನೋಡಿ. ಸೋಪಿನ ನೀರು ಹಾಕಿ ಜೋರಾಗಿ ನೀರು ಹೊಡೀರಿ. ಹುಳ ಉದುರ್ತವೆ. ಒಳಗಡೆ ಹೋಗಿದ್ರೆ ಕಷ್ಟ. ಆದ್ರೂ ತೊಳೀರಿ."

ಅದನ್ನು ಅಮ್ಮನಿಗೆ ನಾನೇ ಹೇಳಿದೆ. ಮಾರನೇ ಬೆಳಿಗ್ಗೆ ಕರೆಂಟು ಬರುವುದಕ್ಕೆ ಮುಂಚೆಯೇ ಅವಳು ಸೋಪಿನ ಪುಡಿ ಕಲಸಿದ ಬಕೆಟ್ಟು ಹಿಡಿದುಕೊಂಡು ಮೂಲೆಯಲ್ಲಿ ನಿಂತಿದ್ದಳು. ಬೋರಿನ ಪೈಪನ್ನು ಅಲ್ಲಿಯವರೆಗೆ ಎಳೆದೆವು. ಅವಳು ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಒಂದೊಂದು ಎಲೆಗೂ ನೀರು ಚಿಮ್ಮಿಸಿದಳು. ಕೆಂಪು ನೀರು ಬುಡಕ್ಕೆ ಇಳಿಯಿತು. ಸ್ವಲ್ಪ ಹೊತ್ತಿನಲ್ಲಿ ಕೆಂಪು ಹೋಗಿ ಬರೀ ನೀರು ಇಳಿಯತೊಡಗಿತು. ಮಳೆ ಬಿಟ್ಟರೆ ಆ ಮೂಲೆಗೆ ಬೇರೆ ನೀರು ಬಿದ್ದದ್ದು ಅದೇ ಮೊದಲಿರಬೇಕು. ಸಾಕು ಎಂದು ನಾನು ಎರಡು ಸಲ ಹೇಳಿದೆ. ಕರೆಂಟು ಹೋಗುವವರೆಗೂ ಅವಳು ಪೈಪು ಬಿಡಲಿಲ್ಲ.

ಮೂರು ದಿನಕ್ಕೊಮ್ಮೆ ತೊಳೆದೆವು. ಹೊರಗಿನ ಎಲೆಗಳು ಹಸಿರಾದವು. ಆದರೆ ಮೆಳೆ ಇಪ್ಪತ್ತು ವರ್ಷಕ್ಕೂ ಮೀರಿದ್ದು, ಒಳಗೆ ಎಲೆಯ ಮೇಲೆ ಎಲೆ ಹೆಣೆದುಕೊಂಡು ಗೋಡೆಯ ಹಾಗಾಗಿತ್ತು. ಅಲ್ಲಿಗೆ ನೀರು ಹೋಗುತ್ತಿರಲಿಲ್ಲ. ಅಮ್ಮ ಕೋಲಿಗೆ ಬಟ್ಟೆ ಸುತ್ತಿ ಒಳಗೆ ಕೈ ಹಾಕುತ್ತಿದ್ದಳು. ಸಂಜೆ ಹಜಾರದಲ್ಲಿ ಕೂತು ಅವಳ ತೋಳಿನಿಂದ ನಾನು ಚಿಮಟದಲ್ಲಿ ಮುಳ್ಳು ಕೀಳುತ್ತಿದ್ದೆ. ಕಣ್ಣಿಗೆ ಕಾಣದಂಥ ಸಣ್ಣ ಮುಳ್ಳುಗಳು, ದೀಪಕ್ಕೆ ಅಡ್ಡ ಹಿಡಿದರಷ್ಟೇ ಮಿಂಚುತ್ತಿದ್ದವು.

"ಇನ್ಮೇಲೆ ಒಳಕ್ಕೆ ಕೈ ಹಾಕ್ಬೇಡಮ್ಮ."

"ಆಯ್ತು ಕೀಳು" ಎನ್ನುತ್ತಿದ್ದಳು.

ಮಾರ್ಚ್ ಕಡೆಯ ವಾರ ಮೇವಿನ ಕಳ್ಳಿಯ ನಾಲ್ಕನೇ ಸಾಲಿನ ಒಂದು ಎಲೆಯ ಬೆನ್ನಿನಲ್ಲಿ ಬಿಳಿ ಕಂಡಿತು. ಒರೆಸಿದೆ. ನಾಲ್ಕು ದಿನ ಬಿಟ್ಟು ಅದೇ ಸಾಲಿನಲ್ಲಿ ಇನ್ನೂ ಏಳು ಗಿಡದಲ್ಲಿ ಇತ್ತು. ಏಪ್ರಿಲ್ ಮೊದಲ ವಾರ ಮೂರನೇ ಸಾಲಿಗೆ ಬಂತು. ನಾನು ಒರೆಸುತ್ತಿದ್ದಾಗ ಅಮ್ಮ ಹಿಂದೆ ಬಂದು ನಿಂತಿದ್ದಳು. ಇಬ್ಬರ ಕೈಯೂ ಕೆಂಪಾಗಿತ್ತು.

ಆ ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಮುದ್ದೆ ಮುರಿಯುತ್ತಾ ಹೇಳಿದ:

"ಮೇವಿನ ಕಳ್ಳಿ ಹೋದ್ರೋಗ್ಲಿ ಬುಡು. ಮೊದ್ಲೇನ್ ಇತ್ತಾ ನಮ್ಗೆ? ಒಂದು ಹಸ ಹೊಡ್ದ್ರಾಯ್ತು ಸಂತೆಗೆ."

"ಯಾವ್ದ ಹೊಡೀತೀರಿ?" ಅಮ್ಮ ಕೇಳಿದಳು.

"ಯಾವ್ದೋ ಒಂದು."

"ಕೆಂದ ತುಂಬಿದ್ ಗಬ್ಬ. ಕಪ್ಪಿದಕ್ಕೆ ಮೊಲೆಗೂಸು. ಯಾವ್ದ ಹೇಳಿ."

ಅಪ್ಪ ತಟ್ಟೆಯನ್ನು ಮುಂದಕ್ಕೆ ಸರಿಸಿದ. ಅಮ್ಮ ಅವನ ತಟ್ಟೆಗೆ ಸಾರು ಬಿಟ್ಟಳು. ತಾನೂ ಬಡಿಸಿಕೊಂಡು ಕೂತಳು. ಉಂಡು ಮುಗಿಸಿ, ತಟ್ಟೆಯಲ್ಲೇ ಕೈತೊಳೆದು, ತಲೆ ಎತ್ತದೆ ಹೇಳಿದಳು:

"ಮುಳ್ಳು ಹೊದ್ಸಿದ್ದು ನರಿ ಬರಬಾರ್ದು ಅಂತ. ಈಗ ಯಾವ್ ನರಿ ಐತೆ ಈ ಸೀಮೇಲಿ? ಕಡ್ಯೋಣ."

ಅಪ್ಪ ಅವಳನ್ನು ನೋಡಿದ. "ನಿನ್ ಮನ್ಸಿಗೆ..."

"ಕಡ್ಯೋಣ ಅಂದ್ನಲ್ಲ."

ಸೋಮವಾರ ಬೇಡವೆಂದು, ಮಂಗಳವಾರವೂ ಬೇಡವೆಂದು ಬಿಟ್ಟು, ಬುಧವಾರ ಬೆಳಿಗ್ಗೆ ಹೋದೆವು. ಮಚ್ಚು ಅಪ್ಪನ ಕೈಯಲ್ಲಿತ್ತು. ಅಮ್ಮ ಅದನ್ನು ಇಸಿದುಕೊಂಡಳು. ಹೊರಗಿನಿಂದ ಶುರುಮಾಡಿ, ಒಂದೊಂದು ಗೆಣ್ಣಿಗೆ ಒಂದೊಂದು ಏಟು ಹಾಕಿದಳು. ಬಿದ್ದ ಎಲೆಯನ್ನು ನಾವು ಕವೆಗೋಲಿನಲ್ಲಿ ಎತ್ತಿ ಬುಟ್ಟಿಗೆ ಹಾಕಿದೆವು. ಒಂದು ಚೂರು ಬಿದ್ದಿದ್ದರೂ ಮತ್ತೆ ಬೇರು ಬಿಡುತ್ತದೆಂದು ಕೆಳಗೆ ಹಳೇ ಟಾರ್ಪಾಲು ಹಾಸಿದ್ದೆ. ಪುಳ್ಳೆ ಸೇರಿಸಿ ಅಲ್ಲೇ ಬೆಂಕಿ ಹಾಕಿಬಿಡೋಣ ಎಂದು ಅಪ್ಪ ಹೇಳಿದಾಗ ಅಮ್ಮ ಕೈ ನಿಲ್ಲಿಸಿದಳು.

"ಸುಡ್ಬೇಡಿ. ಹೂಳಿ."

ಹೊಲದ ಆಚೆ ಬದಿಯಲ್ಲಿ ಅಪ್ಪ ಎದೆಮಟ್ಟದ ಗುಂಡಿ ತೋಡಿದ. ಬುಟ್ಟಿಗಳನ್ನು ಅಮ್ಮನೇ ಹೊತ್ತಳು. ಮೂವತ್ತೊಂದು ಬುಟ್ಟಿ ಆಯಿತು. ನಾನು ಎಣಿಸಬೇಕೆಂದು ಎಣಿಸಲಿಲ್ಲ, ರೂಢಿಯಿಂದ ಎಣಿಕೆ ಆಗುತ್ತಲೇ ಇತ್ತು. ಪಕ್ಕದ ಹೊಲದ ಅಜ್ಜಿ ದೂರದಿಂದ ನೋಡಿ ಬಂದಿತು. ಸೀರೆ ಮೇಲೆ ಕಟ್ಟಿ ತಾನೂ ಒಂದು ಬುಟ್ಟಿಗೆ ಕೈ ಕೊಟ್ಟಿತು. "ನೀನ್ ಕೂತ್ಕಳಮ್ಮಿ, ಚಣ ಕೂತ್ಕ" ಎಂದು ಅಮ್ಮನಿಗೆ ಹೇಳುತ್ತಲೇ ಇತ್ತು. ಅಮ್ಮ ಕೂರಲಿಲ್ಲ.

ಬುಡಕ್ಕೆ ಬಂದಾಗ ಅಪ್ಪ ಹಾರೆ ತೆಗೆದುಕೊಂಡ.

"ಬೇರು ಅಗೀಬ್ಯಾಡಿ" ಎಂದಳು ಅಮ್ಮ. "ಮಣ್ಣಿನ ಮಟ್ಟಕ್ಕೆ ಕಡೀರಿ, ಸಾಕು."

ಮೆಳೆ ಹೋದ ಮೇಲೆ ಅಲ್ಲಿ ಏನೂ ಇರಲಿಲ್ಲ. ಸಣ್ಣ ದಿಬ್ಬವಾದರೂ ಇರಬಹುದೆಂದು ನಾನು ಅಂದುಕೊಂಡಿದ್ದೆ. ಮಿಕ್ಕ ಹೊಲದ ಹಾಗೇ ಸಪಾಟಾಗಿತ್ತು. ನೆರಳಲ್ಲಿದ್ದ ಮಣ್ಣು ಮಾತ್ರ ಸ್ವಲ್ಪ ಕಪ್ಪಗಿತ್ತು. ಅಮ್ಮ ಅದರ ಅಂಚಿನಲ್ಲಿ ನಿಂತು ಅಪ್ಪನನ್ನು ಕೇಳಿದಳು:

"ತಲೆ ಯಾವ ಕಡೀಗೆ?"

ಅಪ್ಪ ಹಾರೆ ಕೆಳಗಿಟ್ಟ. ಮಂಡಿಯೂರಿ ಕೂತು, ಕೈಯಿಂದ ನೆಲ ಮುಟ್ಟಿ ತೋರಿಸಿದ. "ತೆಂಕ್ಲಾಗೆ. ಇಲ್ಲಿಂದ... ಇಲ್ಲೀಗೆ." ಅವನ ಎರಡು ಕೈಗಳ ನಡುವೆ ಒಂದು ಮೊಳವೂ ಇರಲಿಲ್ಲ.

ಅಮ್ಮ ತಲೆಯಾಡಿಸಿದಳು. ತೊಳೆಯಲು ಅಲ್ಲಿಗೆ ಎಳೆದಿದ್ದ ಪೈಪನ್ನು ನಾವು ಸುತ್ತಿಕೊಂಡು ಬಂದೆವು.

ಮೂರು, ನಾಲ್ಕನೇ ಸಾಲುಗಳನ್ನು ಅರ್ಧಕ್ಕೆ ಕೊಯ್ದು, ಹುಳ ಹಿಡಿದ ಎಲೆಗಳನ್ನು ಅದೇ ಗುಂಡಿಗೆ ಹಾಕಿ, ಉಳಿದದ್ದನ್ನು ವಾರ ವಾರ ತೊಳೆದೆವು. ಮೇ ತಿಂಗಳಲ್ಲಿ ಎರಡು ಹದ ಮಳೆ ಬಿತ್ತು. ಮಳೆಗೆ ಹುಳ ಉದುರಿದವು. ಮೊದಲೆರಡು ಸಾಲಿಗೆ ಏನೂ ಆಗಲಿಲ್ಲ. ಕೆಂದಹಸು ಹೆಣ್ಣುಗರು ಹಾಕಿತು. ಅಮ್ಮ ಗಿಣ್ಣು ಕಾಯಿಸಿ ಅಜ್ಜಿಯ ಮನೆಗೂ ಕೊಟ್ಟು ಬಂದಳು.

ಜೂನ್ ಮಳೆಗೆ ಮೂಲೆಯಲ್ಲಿ ಬೇರಿನಿಂದ ಚಿಗುರು ಎದ್ದಿತು. ಬಿಟ್ಟರೆ ಬೇಸಿಗೆಗೆ ಮತ್ತೆ ಹುಳ ಬರುತ್ತದೆ, ಎದ್ದ ಹಾಗೆಲ್ಲ ಚಿವುಟಿದರೆ ಬೇರು ತಾನಾಗಿ ಸೊರಗುತ್ತದೆ ಎಂದು ಚಾಚಾ ಫೋನಿನಲ್ಲಿ ಹೇಳಿದರು. ಚಿವುಟುವ ಕೆಲಸವನ್ನು ಅಪ್ಪನಿಗೂ ನನಗೂ ಅಮ್ಮ ಬಿಡಲಿಲ್ಲ. ವಾರಕ್ಕೊಂದು ದಿನ ಹಾಲು ಕರೆದಾದ ಮೇಲೆ ಒಬ್ಬಳೇ ಹೋಗಿ ಬರುತ್ತಿದ್ದಳು.

ಆಗಸ್ಟ್‌ನಲ್ಲಿ ಅವಳಿಗೆ ಜ್ವರ ಬಂತು. ಪಾವಗಡಕ್ಕೆ ಕರೆದುಕೊಂಡು ಹೋಗಿ ತೋರಿಸಿ, ಮಾತ್ರೆ ತಂದು ಮಲಗಿಸಿದ್ದೆವು. ಮೂರನೇ ದಿನ ಬೆಳಿಗ್ಗೆ ಅವಳು ಕಂಬಳಿಯೊಳಗಿಂದ ನನ್ನನ್ನು ಕರೆದಳು.

"ಮೂಲೆಗೊಂದ್ಸಲ ಹೋಗ್ ನೋಡ್ಕಂಡ್ ಬಾ ಮಗ. ಎದ್ದಿದ್ರೆ ಚಿವುಟ್ಬುಡು. ಅಲ್ಲೇ ಎಸೀಬ್ಯಾಡ, ಬೇರು ಬುಟ್ಬುಡ್ತದೆ. ಕೊಟ್ಗೆ ಶೀಟಿನ ಮೇಲಾಕು."

ಹೋದೆ. ಒಂದೇ ಒಂದು ಚಿಗುರು ಇತ್ತು. ಮುಳ್ಳು ಇನ್ನೂ ಬಲಿತಿರಲಿಲ್ಲ. ಮೈತುಂಬ ಸಾಸಿವೆ ಗಾತ್ರದ ಎಳೆ ಕುಡಿಗಳು, ಮುಟ್ಟಿದರೆ ಮೆತ್ತಗೆ. ಬಿಳಿ ಚುಕ್ಕೆ ಎಲ್ಲೂ ಇರಲಿಲ್ಲ. ಸ್ವಲ್ಪ ಹೊತ್ತು ಕುಕ್ಕರುಗಾಲಿನಲ್ಲಿ ಕೂತಿದ್ದೆ. ಆಮೇಲೆ ಬುಡಕ್ಕೆ ಉಗುರು ಹಾಕಿ ಚಿವುಟಿದೆ. ಲೋಳೆ ಬೆರಳಿಗಂಟಿತು.

ಕೊಟ್ಟಿಗೆಯ ಶೀಟು ಕೈಗೆಟುಕುವಷ್ಟು ಎತ್ತರ. ಏಣಿಯ ಮೇಲೆ ಒಂದು ಮೆಟ್ಟಿಲು ಹತ್ತಿ ನೋಡಿದರೆ, ಹಿಂದಿನ ವಾರಗಳ ಚಿಗುರುಗಳು ಅಲ್ಲಿ ಸಾಲಾಗಿದ್ದವು. ಎಸೆದದ್ದಲ್ಲ, ಒಂದರ ಪಕ್ಕ ಒಂದು ಇಟ್ಟದ್ದು. ಒಣಗಿ ಹುಣಸೆಹಣ್ಣಿನ ಸಿಪ್ಪೆಯಂತಾಗಿದ್ದವು. ನನ್ನ ಕೈಯಲ್ಲಿದ್ದುದನ್ನು ಸಾಲಿನ ಕೊನೆಗೆ ಇಟ್ಟು ಇಳಿದೆ.

ಒಳಗೆ ಅಮ್ಮ ಕಣ್ಣು ಮುಚ್ಚಿ ಮಲಗಿದ್ದಳು. ನಿದ್ದೆ ಬಂದಿದೆ ಎಂದುಕೊಂಡು ನೀರಿನ ಚೊಂಬು ಹತ್ತಿರಕ್ಕೆ ಸರಿಸಿದೆ.

"ಎದ್ದಿತ್ತಾ?"

"ಹ್ಞೂಂ. ಒಂದು."

"ಎಷ್ಟ್ ದೊಡ್ದಿತ್ತು?"

ಕಿರುಬೆರಳು ಎತ್ತಿ, ಎರಡನೇ ಗೆಣ್ಣಿನ ಹತ್ತಿರ ಹೆಬ್ಬೆರಳಿಟ್ಟು ತೋರಿಸಿದೆ. ಅವಳು ಕಣ್ಣು ತೆರೆದು ನನ್ನ ಬೆರಳನ್ನು ಸರಿಯಾಗಿ ನೋಡಿದಳು.

"ಹೋದ್ ವಾರದ್ದುಕ್ಕಿಂತ ಸಣ್ಣದು" ಎಂದಳು. ಆಮೇಲೆ ಕಂಬಳಿಯನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು.